ವಿಮಾನದ ಒಡಲಿಗೊಂದು ಕಿರುಗದ

೩ ಜನವರಿ ೨೦೨೫, ಶುಕ್ರವಾರ
ಕೊಳ್ಳೇಗಾಲ

ಯಳಂದೂರಿನ ಮನೆಗೆ ಬೀಗ ಹಾಕಿ ತಮ್ಮನ ಮನೆಗೆ ಬಂದು ತಿಂಗಳಾಗುತ್ತ ಬಂತು. ದಿನಚರಿ ನಿಂತೇ ಹೋಗಿತ್ತು. ಇಂದು ಮತ್ತೆ ಲೇಖನಿ ಹಿಡಿದಿದ್ದೇನೆ; ಏಕೆಂದರೆ ಈ ಮನೆಯಲ್ಲಿ ಒಂದು ವಾಕ್ಯವನ್ನು ಪೂರ್ಣವಿರಾಮದವರೆಗೆ ಕೊಂಡೊಯ್ಯಲು ಬೇರೆ ಸ್ಥಳವಿಲ್ಲ.

ತಮ್ಮ ಶಾಂತಮೂರ್ತಿಯ ಬಲಗೈ, ಬಲಗಾಲುಗಳು ಇನ್ನೂ ಏಳವು. ವೈದ್ಯರು ಪಾರ್ಶ್ವವಾಯು ಎನ್ನುತ್ತಾರೆ, ಕೇರಿಯವರು ಲಕ್ವ ಎನ್ನುತ್ತಾರೆ, ಅವನ ಹೆಂಡತಿ ಪುಟ್ಟಬಸಮ್ಮ ಸ್ಟ್ರೋಕು ಎನ್ನುತ್ತಾಳೆ. ಜೀವಮಾನವೆಲ್ಲ ಈ ಊರಿನ ರೇಷ್ಮೆ ಮಗ್ಗಗಳನ್ನು ಸರಿಪಡಿಸಿದ ಕೈ ಅದು. ಬಿಡುವಿನಲ್ಲಿ ಮರದ ಪುಟ್ಟ ವಿಮಾನಗಳನ್ನು ಮಾಡುತ್ತಿತ್ತು. ಆಟಿಕೆಗಳಲ್ಲ, ನಿಜವಾಗಿಯೂ ಹಾರುವಂಥವು. ಹಗುರವಾದ ಬಾಲ್ಸಾ ಮರದ ಒಡಲು, ರೆಕ್ಕೆಗೆ ಇಲ್ಲಿಯದೇ ತೆಳುರೇಷ್ಮೆಯ ಹೊದಿಕೆ. ಹಜಾರದ ತೊಲೆಗೆ ಕೆಲವು ತೂಗುತ್ತಿವೆ. ಹೊಸದೊಂದು ಹಿಂದಿನ ಕೋಣೆಯ ಮೇಜಿನ ಮೇಲೆ, ಒಡಲು ಬೇರೆ ರೆಕ್ಕೆ ಬೇರೆಯಾಗಿ, ಅವನು ಕುಸಿದು ಬಿದ್ದ ದಿನ ಇದ್ದಂತೆಯೇ ಇದೆ.

ಅವನ ಬಾಯಲ್ಲಿ ಉಳಿದಿರುವುದು ಒಂದೇ ಮಾತು: "ಆಚ್."

"ಆಚೆ ಕರ್ಕೊಂಡೋಗಿ ಅಂತಾವ್ರೆ ಬಾವ. ಒಳಗೇ ಕುಂತು ಕುಂತು ಬ್ಯಾಸ್ರ ಆಗೈತೆ ಪಾಪ" ಎಂದಳು ಬಸಮ್ಮ. ಗಾಲಿಕುರ್ಚಿಯಲ್ಲಿ ಜಗಲಿಗೆ ಕರೆತಂದೆ. ತಲೆಯಾಡಿಸಿ ಮತ್ತೆ "ಆಚ್" ಎಂದ. ಬೀದಿಗೆ ಇಳಿಸಿದೆ. ಎಡಗೈಯಿಂದ ತೊಡೆಯನ್ನು ಗುದ್ದಿಕೊಂಡು "ಆಚ್, ಆಚ್" ಎಂದ. ಮರಡಿಗುಡ್ಡ ಕಾಣುವಷ್ಟು ದೂರ ತಳ್ಳಿಕೊಂಡು ಹೋದೆ. ಅಲ್ಲಿಯೂ ಅದೇ.

ಇದಕ್ಕಿಂತ ಹೊರಗು ಎಲ್ಲಿದೆಯೋ ನಾನರಿಯೆ.

೬ ಜನವರಿ, ಸೋಮವಾರ

ಆಸ್ಪತ್ರೆಗೆ ಹೋಗಿದ್ದೆವು. ಮಾತಿನ ಚಿಕಿತ್ಸೆ ನೀಡುವ ಹುಡುಗಿ ಮೃದುಸ್ವಭಾವದವಳು. ಉಚ್ಚಾರಣೆಯಲ್ಲಿ ಮಾತ್ರ ಅಶ್ರದ್ಧೆ.

"ಸರ್, ಅವ್ರು ಏನಂದ್ರೂ ಹೂಂ ಅನ್ನಿ. ತಿದ್ದಕ್ಕೆ ಹೋಗ್ಬೇಡಿ. ಇರೋದೊಂದು ಪದ, ಅದೇ ದಾರಿ ಅನ್ಕೊಳಿ. ಅದನ್ನ ಹಿಡ್ಕೊಂಡೇ ಮಿಕ್ಕಿದ್ದು ಬರ್ಬೇಕು."

"ತಪ್ಪು ದಾರಿ ಹಿಡಿದರೆ ತಪ್ಪು ಊರನ್ನು ತಲುಪುವುದಿಲ್ಲವೇ, ತಾಯಿ?"

"ದಾರೀಲೇ ಕೂತ್ಬಿಡೋದಕ್ಕಿಂತ ವಾಸಿ ಅಲ್ವಾ ಸರ್?" ಎಂದು ನಕ್ಕಳು.

ಆಕೆಯ ಅಭಿಪ್ರಾಯ ಆಕೆಗಿರಲಿ. 'ಆಚೆ' ಎಂದರೆ ಅತ್ತ ಕಡೆ ಎಂದರ್ಥ. ಹೊಳೆಯ ಆಚೆ, ಬೆಟ್ಟದ ಆಚೆ ಎನ್ನಬಹುದು. ಮನೆಯಿಂದ 'ಹೊರಗೆ' ಹೋಗಬೇಕು. ಮುದ್ರಣಾಲಯದಲ್ಲಿ ಕರಡಚ್ಚು ತಿದ್ದುತ್ತ ಕಣ್ಣು ಸವೆಸಿದವನು ನಾನು. ಮರಳಿ ಮಾತು ಕಲಿಯುವವನಿಗೆ ಮೊದಲ ಪದವನ್ನೇ ತಪ್ಪಾಗಿ ಕಲಿಸಲಾರೆ. ಮನೆಗೆ ಬಂದು ಹಕಾರದ ಅಭ್ಯಾಸ ಆರಂಭಿಸಿದೆ. ತುಟಿಯೆದುರು ಕಾಗದದ ಚೂರು ಹಿಡಿದು, ಉಸಿರಿಗೆ ಅದು ಅಲುಗುವಂತೆ: ಹಾಲು, ಹಣ್ಣು, ಹೊರಗೆ. ಕಾಗದ ಅಲುಗಲಿಲ್ಲ.

ಒಲೆಯ ಬಳಿಯಿಂದ ಬಸಮ್ಮ ಕೇಳಿಸಿಕೊಳ್ಳುತ್ತಿದ್ದಳು. "ಬಾವ, ನಮ್ಮ ಲೊಕ್ಕನಳ್ಳೀಲಿ ಆಲು ಅಂದ್ರೂ ಅಸು ಕರೀತದೆ. ನಿಮ್ಮ ಅಕಾರ ಸೇರ್ಸುದ್ರೆ ಕೆನೆ ಎಚ್ಚಿಗೆ ಕಟ್ತದಾ?"

"ಅದು ಹಕಾರ, ಅಮ್ಮ. ಅಕಾರ ಬೇರೆ."

"ಅದೇಯ ನಾನೂ ಅಂದದ್ದು."

ಶಾಂತಮೂರ್ತಿಯ ತುಟಿಯ ಎಡತುದಿ ಕೊಂಚ ಮೇಲೆದ್ದಿತು. ನಗುವೋ ಸೆಳೆತವೋ ತಿಳಿಯಲಿಲ್ಲ.

೯ ಜನವರಿ, ಗುರುವಾರ

ತವರಿನ ರಾಗಿ ಕಣಕ್ಕೆ ಬಿದ್ದಿದೆಯೆಂದೂ, ಆನೆ ಇಳಿಯುವ ಮುನ್ನ ಒಕ್ಕಿ ಮುಗಿಸಬೇಕೆಂದೂ ಬಸಮ್ಮ ಬೆಳಿಗ್ಗೆಯ ಬಸ್ಸಿಗೆ ಲೊಕ್ಕನಹಳ್ಳಿಗೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ರ ಸಾಮಾನು ಮುಟ್ಬೇಡಿ ಬಾವ. ಕಸ ಗುಡ್ಸಕ್ಕೂ ನನ್ನ ಬಿಡ್ತಿರ್ಲಿಲ್ಲ" ಎಂದಳು.

ಆದರೂ ಆ ಕೋಣೆಯ ಸ್ಥಿತಿ ನೋಡಲಾಗಲಿಲ್ಲ. ಧೂಳು, ಅಂಟು, ಮರದ ಸಿಪ್ಪೆ. ಮಧ್ಯಾಹ್ನವೆಲ್ಲ ಒಪ್ಪ ಮಾಡಿದೆ. ಉಳಿಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿದೆ. ಬಾಯಿ ಮುಕ್ಕಾದ ಕ್ಷೌರದ ಅಲಗೊಂದನ್ನು, ಯಾರ ಕೈಗಾದರೂ ತಾಗೀತೆಂದು, ಕಾಗದದಲ್ಲಿ ಸುತ್ತಿ ಎಸೆಯುವ ವಸ್ತುಗಳ ಜೊತೆಗಿಟ್ಟೆ. ವಿಮಾನದ ಒಡಲು ಮಾತ್ರ ಅಚ್ಚುಕಟ್ಟಾಗಿತ್ತು. ಎಲ್ಲ ಕಡೆಯೂ ಮುಚ್ಚಿ ಅಂಟಿಸಿ, ಕೆನ್ನೆಯಂತೆ ನುಣುಪು ಮಾಡಿದ್ದ. ಅಡಿಯಲ್ಲಿ ಮಾತ್ರ ಮಬ್ಬುಮಬ್ಬಾದ ಸೀಸದ ಗೆರೆಗಳು, ಅಲ್ಲಲ್ಲಿ ತುಂಡಾಗಿ, ಒಂದರ ಮೇಲೊಂದು. ಕೆಲಸ ಮುಗಿದ ಮೇಲೆ ಕಚ್ಚಾ ಗೆರೆಗಳನ್ನು ಉಳಿಸುವುದು ಅಶಿಸ್ತು. ರಬ್ಬರಿನಿಂದ ಹಗುರವಾಗಿ ಅಳಿಸಿದೆ. ಒಂದು ಕಲೆಯೂ ಉಳಿಯಲಿಲ್ಲ.

ಮೆಚ್ಚಿಕೊಳ್ಳಲೆಂದು ಸಂಜೆ ಅವನನ್ನು ಕೋಣೆಗೆ ಕರೆತಂದೆ. ಒಡಲನ್ನು ಎತ್ತಿ, ತಿರುಗಿಸಿ ತೋರಿಸಿದೆ. ಅವನ ಮುಖ ಕೆಂಪಾಯಿತು. "ಆಚ್! ಆಚ್!" ಎಂದು ಎಡಗೈಯಿಂದ ವಿಮಾನವನ್ನು ಬಡಿದ. ವಿಮಾನದೊಡನೆ ಹೊರಗೆ ಹೋಗುವ ಆಸೆಯೆಂದು ತಿಳಿದು ಅವನನ್ನೂ ಅದನ್ನೂ ಜಗಲಿಗೆ ತಂದೆ. ಕೂಗಾಟ ಹೆಚ್ಚಿತು, ಕಣ್ಣಲ್ಲಿ ನೀರು. ಕುರ್ಚಿಯ ಎದುರು ಕುಳಿತು, ಅವನ ಗಲ್ಲ ಹಿಡಿದು, ಸಾವಧಾನವಾಗಿ ಹೇಳಿದೆ: "ಆಚ್ ಅಲ್ಲಪ್ಪ. ಹೊರಗೆ. ಹೊ-ರ-ಗೆ. ನಾವು ಹೊರಗೇ ಇದ್ದೇವೆ. ಹೇಳು."

ಬಹಳ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಬಾಯಿ ಮುಚ್ಚಿದ.

೧೧ ಜನವರಿ, ಶನಿವಾರ

ಇಂದು 'ಆಚ್' ಎನ್ನಲಿಲ್ಲ. ನಿನ್ನೆಯೂ ಅನ್ನಲಿಲ್ಲ. ಅಭ್ಯಾಸ ಫಲಿಸುತ್ತಿರಬಹುದು.

೧೪ ಜನವರಿ, ಮಂಗಳವಾರ

ಸಂಕ್ರಾಂತಿ. ಬಸಮ್ಮ ನಿನ್ನೆ ಮರಳಿದಳು. ಎಳ್ಳುಬೆಲ್ಲವನ್ನು ಗಂಡನ ಎಡ ಅಂಗೈಗೆ ಹಾಕಿ ಕಾದಳು. ತಿಂದ.

"ಏನೂ ಅಂತಾನೇ ಇಲ್ವಲ್ಲ ಬಾವ. ಆಚೆ ಅಂತ್ಲೂ ಅನ್ನಕಿಲ್ಲ."



೧೯ ಜನವರಿ, ಭಾನುವಾರ

ಬಸವೇಶ ಬಂದಿದ್ದ. ಕೆಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯವನು. ಶಾಂತಮೂರ್ತಿ ಮಾಡಿದ ವಿಮಾನಗಳನ್ನು ದೂರನಿಯಂತ್ರಕ ಹಿಡಿದು ಹಾರಿಸುವವನೂ ಅವನೇ. ಮಗಳ ಹೆರಿಗೆಗೆಂದು ಕೊಯಮತ್ತೂರಿಗೆ ಹೋಗಿದ್ದವನು ನಿನ್ನೆ ಬಂದನಂತೆ.

"ಏನಣ್ಣೋ, ರೆಕ್ಕೆ ಮುರ್ಕಂಡು ಮನೀಕಂಬುಟ್ಟೆ? ನಾನು ಬೀಳ್ಸಿದ್ದ ಏರೋಪ್ಲೇನೆಲ್ಲ ಅಂಟಾಕಿ ಎಬ್ಬುಸ್ದೋನು ನೀನು. ನಿಂಗ್ಯಾರು ಅಂಟಾಕರು ಈಗ?" ಎಂದು ಹಾಸಿಗೆಯ ಅಂಚಿನಲ್ಲಿ ಕುಳಿತ. ಶಾಂತಮೂರ್ತಿ ಅವನ ಮುಂಗೈ ಹಿಡಿದುಕೊಂಡ, ಬಿಡಲೊಲ್ಲ. ಬಸವೇಶ ಕೈ ಬಿಡಿಸಿಕೊಂಡು, ಹೊಸ ವಿಮಾನ ನೋಡುತ್ತೇನೆಂಬ ನೆಪದಲ್ಲಿ ಹಿಂದಿನ ಕೋಣೆಗೆ ನಡೆದ. ನಾನೂ ಹೋದೆ.

ಒಡಲನ್ನು ತಿರುಗಿಸಿ ನೋಡಿ, "ಆಚ್ ಕುಯ್ದೇ ಇಲ್ವಲ್ಲ ಸಾ ಇನ್ನೂವೆ?" ಎಂದ.

"ಏನನ್ನು ಕೊಯ್ದಿಲ್ಲ?"

"ಆಚ್ ಸಾ, ಆಚ್. ಒಳಕ್ಕೆ ಬ್ಯಾಟ್ರಿ ಇಕ್ಬೇಕಲ್ಲ, ಅದ್ಕೆ ಒಟ್ಟೆ ತಾವ ಒಂದು ಬಾಕ್ಲು. ಪೂರಾ ಅಂಟಾಕಿ ಉಜ್ಜುದ್ಮೇಲೇಯ ಕುಯ್ಯೋದು. ಆಗ್ಲೇ ಕುಯ್ದ ತುಂಡೇ ಮುಚ್ಳ ಆಗಿ ಸರ್ಯಾಗಿ ಕೂತ್ಕತದೆ. ಅಣ್ಣ ಪೆನ್ಸಿಲ್‌ನಾಗೆ ಗೆರೆ ಆಕಿದ್ದ, ನಾನೇ ನೋಡಿವ್ನಿ. ಎಲ್ಲೋಯ್ತು ಅದು?"

ಅದು ಇಂಗ್ಲಿಷಿನ ಹ್ಯಾಚ್. ನಮ್ಮವರ ನಾಲಗೆಯಲ್ಲಿ ಮೊದಲ ಹಕಾರ ಉದುರಿ ಆಚ್. ಹಾಲಿನಲ್ಲಿ, ಹಣ್ಣಿನಲ್ಲಿ, ಹಸುವಿನಲ್ಲಿ ಬಿದ್ದ ಹಕಾರವನ್ನೆಲ್ಲ ಹೆಕ್ಕಿ ಹೆಕ್ಕಿ ಕೂಡಿಸಿದ ನಾನು, ಕೂಡಿಸಿ ಕೇಳಬೇಕಾಗಿದ್ದ ಒಂದೇ ಒಂದು ಮಾತಿನಲ್ಲಿ ಕೂಡಿಸಲಿಲ್ಲ. ಹೊರಗೆ ಕರೆದೊಯ್ಯಿರೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಒಳಕ್ಕೆ ಒಂದು ದಾರಿ ಮಾಡಿರೆಂದು ಕೇಳುತ್ತಿದ್ದ.

"ನಾನು ಅಳಿಸಿದೆ" ಎಂದೆ.

ಬಸವೇಶ ನನ್ನನ್ನೂ ವಿಮಾನವನ್ನೂ ನೋಡಿದ. "ಒಳಗೆ ಅಡ್ಡಪಟ್ಟಿ ಅವೆ ಸಾ. ಅದ್ರಲ್ಲೊಂದು ಕುಯ್ದೋದ್ರೆ ಮೂತಿ ಬಿದ್ದೋಯ್ತದೆ. ಎಲ್ಲೆಲ್ಲಿ ಮಡಗಿದ್ದನೋ ಅಣ್ಣಂಗೇ ಗೊತ್ತು. ಕೇಳ್ರಿ ಅವನ್ನೇಯ."

"ಮಾತು ಬಿಟ್ಟಿದ್ದಾನೆ."

"ಯಾವಾಗ್ಲಿಂದ?"

"ಆ ಗೆರೆ ಅಳಿಸಿದ ದಿನದಿಂದ."

ಬಸವೇಶ ಒಡಲನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಬೈದಿದ್ದರೆ ಸುಲಭವಾಗುತ್ತಿತ್ತು.

೨೦ ಜನವರಿ, ಸೋಮವಾರ

ರಾತ್ರಿ ಕಣ್ಣು ಮುಚ್ಚಲಿಲ್ಲ. ಆ ವಸ್ತುವಿಗೆ ಒಂದು ಹೆಸರು ಬೇಕಲ್ಲವೇ ಎಂದು ಯೋಚಿಸಿದೆ. ಕಿಂಡಿಯಲ್ಲ, ಅದಕ್ಕೆ ಮುಚ್ಚಳವಿಲ್ಲ. ಗವಾಕ್ಷವಲ್ಲ, ಅದು ಗೋಡೆಗೆ. ಕಿರಿದಾದ ಕದ, ಕಿರುಗದ, ಆದೇಶಸಂಧಿ. ಇಂಥ ಹೊತ್ತಿನಲ್ಲಿಯೂ ಆ ಪದ ನನಗೆ ಸಂತೋಷ ಕೊಟ್ಟಿತೆಂಬುದನ್ನು ಇಲ್ಲಿ ಬರೆದಿಡಬೇಕು.

ಬೆಳಿಗ್ಗೆ ಒಡಲನ್ನು ಅವನ ತೊಡೆಯ ಮೇಲಿಟ್ಟು ಕೇಳಿದೆ: "ಶಾಂತಮೂರ್ತಿ, ಕಿರುಗದವನ್ನು ಎಲ್ಲಿ ಕೊಯ್ಯಬೇಕು?"

ಗೋಡೆಯ ಕಡೆಗೆ ಮುಖ ತಿರುಗಿಸಿದ.

"ಅದ್ಯಾವ ಊರ ಮಾತು ಬಾವ?" ಎಂದಳು ಕಾಫಿ ತಂದ ಬಸಮ್ಮ. "ಅವ್ರು ಕೇಳಿದ್ದೇ ಒಂದು, ನೀವು ಕೊಡೋದೇ ಒಂದು. ಕೇಳಿದ್ದ ಕೊಡಿ."

ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಆಮೇಲೆ ಹೇಳಿದೆ. ನಾಲಗೆ ಹೊರಳಲಿಲ್ಲ, ಮೊದಲ ಸಲ ಅಭ್ಯಾಸಬಲದಿಂದ ಹಕಾರ ಸೇರಿಕೊಂಡಿತು. ಎರಡನೆಯ ಸಲ ಸರಿಯಾಯಿತು. "ಶಾಂತೂ, ಆಚ್ ಎಲ್ಲೋ?"

ಗೋಡೆಯಿಂದ ಮುಖ ತಿರುಗಿತು. ಇಷ್ಟು ದಿನದ ಮೇಲೆ ನನ್ನ ಕಣ್ಣನ್ನೇ ನೋಡಿದ. ಎಡಗೈ ಹೆಬ್ಬೆರಳನ್ನು ಒಡಲಿನ ಅಡಿಗೆ ತಂದು, ಉಗುರನ್ನು ಒತ್ತಿ, ನಿಧಾನವಾಗಿ ಎಳೆದ. ಮೆದುಮರದಲ್ಲಿ ಗೀರು ಮೂಡಿತು. ಒಂದು ಬದಿ, ಎರಡು ಬದಿ; ನಡುನಡುವೆ ದಣಿದು ನಿಂತು, ನಾಲ್ಕೂ ಬದಿ. ಮಾತು ಮಾತ್ರ ಬರಲಿಲ್ಲ. ನಾನು ಮತ್ತೆ ಮತ್ತೆ "ಆಚ್" ಎಂದೆ, ಅವನು ಹಿಂದಿರುಗಿಸಿ ಹೇಳಲೆಂದು. ಹೇಳಲಿಲ್ಲ.

ಆ ಗೀರನ್ನು ಯಾವ ರಬ್ಬರಿನಿಂದಲೂ ಅಳಿಸಲಾಗದು.

೨೫ ಜನವರಿ, ಶನಿವಾರ

ಯಾವುದರಿಂದ ಕೊಯ್ಯುವುದು ಎಂಬುದೇ ಈ ವಾರದ ಚರ್ಚೆ. ಕೊಯ್ಯುವವನು ನಾನೇ ಎಂದು ಬಸವೇಶ ತೀರ್ಮಾನಿಸಿದ್ದಾನೆ. "ನನ್ನ ಕೈ ಮೋಟ್ರು ಬಿಚ್ಚೋ ಕೈ ಸಾ. ನಿಮ್ದು ಕಾಮಾ, ಫುಲ್ ಸ್ಟಾಪು ಇಕ್ಕೋ ಕೈ."

ಅವನು ತಂದದ್ದು ವಿದ್ಯುತ್ತಿನಿಂದ ತಿರುಗುವ ಸಣ್ಣ ಚಕ್ರದ ಯಂತ್ರ. "ಚಿಟಿಕೆ ಒಡೆಯೋದ್ರೊಳ್ಗೆ ಮುಗ್ಸುತದೆ" ಎಂದು ಚೂರುಮರದ ಮೇಲೆ ಓಡಿಸಿದ. ಮರ ಹೊಗೆಯಾಡಿತು, ಗೀರಿನ ಅಂಚು ಕರಿದಾಯಿತು, ಬೆಂಕಿಕಡ್ಡಿ ತೂರುವಷ್ಟು ಅಗಲ. "ದೋಸೆ ಸೀದೋದಂಗೈತೆ" ಎಂದಳು ಬಸಮ್ಮ. ಅಷ್ಟು ಮರ ಪುಡಿಯಾಗಿ ಹೋದರೆ, ಕೊಯ್ದ ತುಂಡು ಮತ್ತೆ ತನ್ನ ಜಾಗದಲ್ಲಿ ಕೂರದು, ಒಳಕ್ಕೆ ಬಿದ್ದುಹೋಗುತ್ತದೆ. ಬಡಗಿಯ ಎಳೆಗರಗಸ ತಂದೆವು. ಅದಕ್ಕೆ ಅಂಚಿನಿಂದ ಆರಂಭ ಬೇಕು. ಮುಚ್ಚಿದ ಒಡಲಿನ ನಡುವೆ ಅಂಚೆಲ್ಲಿ? ಉಳಿ ಒತ್ತಿದರೆ ಬಾಲ್ಸಾ ಕೊಯ್ಯದೆ ಕುಸಿಯುತ್ತದೆ. ಹೊಸ ಕ್ಷೌರದ ಬ್ಲೇಡು ನಾರಿನ ಉದ್ದಕ್ಕೆ ಬೆಣ್ಣೆಯಲ್ಲಿ ಓಡಿದಂತೆ ಓಡಿತು. ಅಡ್ಡಕ್ಕೆ ಬಂದಾಗ ನಾರನ್ನು ಕಿತ್ತು ಹಾಕಿತು.

ಒಂದೊಂದನ್ನೂ ಶಾಂತಮೂರ್ತಿ ತಲೆಯಾಡಿಸಿ ಬೇಡವೆಂದ. ತನ್ನ ಸಲಕರಣೆಗಳ ಪೆಟ್ಟಿಗೆಯನ್ನು ತೋರಿಸಿದ. ಪೆಟ್ಟಿಗೆ ಬರಿದು ಮಾಡಿ ಹರಡಿದೆ. ಮತ್ತೆ ತೋರಿಸಿದ. ಆಗ ನೆನಪಾಗಿ, ಎಸೆಯಲೆಂದು ಕಾಗದದಲ್ಲಿ ಸುತ್ತಿಟ್ಟಿದ್ದ ಆ ಮುಕ್ಕು ಬ್ಲೇಡನ್ನು ಹುಡುಕಿ ತಂದೆ. ಕಣ್ಣರಳಿಸಿದ. ಬೆಳಕಿಗೆ ಹಿಡಿದು ನೋಡಿದರೆ, ಅಂಚು ಮುಕ್ಕಾದದ್ದಲ್ಲ. ಅರದ ಮೂಲೆಯಿಂದ ಒಂದೇ ಸಮನೆ ಹಲ್ಲು ಕಡಿದದ್ದು. ಕಾಗದದಷ್ಟು ತೆಳ್ಳನೆಯ ಗರಗಸ.

ಉದ್ದಕ್ಕೆ ಹೊಸ ಬ್ಲೇಡು, ಅಡ್ಡಕ್ಕೆ ಮುಕ್ಕು ಬ್ಲೇಡು. ಸೀಳು ಮುಂದಕ್ಕೆ ಓಡದಂತೆ ಮೂಲೆಗಳಲ್ಲಿ ಮೊದಲು ಸೂಜಿಯಿಂದ ತೂತು. ಕಸ ಗುಡಿಸುವವರಿಗೆ ಆ ಬ್ಲೇಡನ್ನು ಕೊಡದೆ ಇದ್ದದ್ದು ನನ್ನ ಜಾಗರೂಕತೆಯಲ್ಲ, ಮರೆವು.

೨ ಫೆಬ್ರವರಿ, ಭಾನುವಾರ

ವಾರವೆಲ್ಲ ಚೂರುಮರದ ಮೇಲೆ ಕೈ ಪಳಗಿಸಿ, ಇಂದು ಕೊಯ್ದೆ.

ಅವನು ಕುರ್ಚಿಯಲ್ಲಿ, ಒಡಲು ಅವನ ತೊಡೆಯ ಮೇಲಿನ ದಿಂಬಿನಲ್ಲಿ, ನಾನು ನೆಲದಲ್ಲಿ ಮಂಡಿಯೂರಿ. ಬ್ಲೇಡನ್ನು ನೆಟ್ಟಗೆ ಹಿಡಿದಿದ್ದೆ. ಅವನ ಎಡಗೈ ಬಂದು ನನ್ನ ಮಣಿಕಟ್ಟನ್ನು ಹಿಡಿದು ಕೊಂಚ ಹೊರಕ್ಕೆ ವಾಲಿಸಿತು. ಅಂಚು ಓರೆಯಾದರೆ ಮುಚ್ಚಳ ಒಳಕ್ಕೆ ಬೀಳದು ಎಂಬುದು ಅರ್ಧ ಕೊಯ್ದ ಮೇಲೆ ನನಗೆ ಹೊಳೆಯಿತು. ಎಲ್ಲಿ ಬಲ ಹೆಚ್ಚಾಯಿತೋ ಅಲ್ಲಿ ಆ ಕೈ ಅದುಮುತ್ತಿತ್ತು, ಸರಿಯಾದಾಗ ಸಡಿಲವಾಗುತ್ತಿತ್ತು. ಒಮ್ಮೆಯೂ ಕಿತ್ತುಕೊಳ್ಳಲಿಲ್ಲ.

ಕೊನೆಯ ನಾರು ಬಿಟ್ಟಾಗ ತುಂಡು ತಾನಾಗಿಯೇ ನನ್ನ ಅಂಗೈಗೆ ಬಂತು. ಒಳಗಿನ ಅಡ್ಡಪಟ್ಟಿಗಳೆರಡೂ, ಕೊಯ್ದ ಗೆರೆಯಿಂದ ಕೂದಲಳತೆಯ ದೂರದಲ್ಲಿ, ಗಾಯವಿಲ್ಲದೆ ನಿಂತಿದ್ದವು. ಮುಚ್ಚಳ ಹಾಕಿದೆ. ಗೆರೆ ಕಾಣದಂತೆ ಕೂತಿತು.

"ಒಂದು ರಬ್ಬರ್ ಬ್ಯಾಂಡ್ ಬಿಗೀರಿ ಬಾವ, ಗಾಳಿಗೆ ಆರೋದಾತು" ಎಂದಳು ಬಸಮ್ಮ.

"ಇಷ್ಟು ಕರಾರುವಾಕ್ಕಾಗಿ ಕೂತದ್ದಕ್ಕೆ ಕಟ್ಟು ಏಕಮ್ಮ?" ಎಂದೆ.

ಅವನೇನಾದರೂ ಹೇಳುತ್ತಾನೆಯೇ ಎಂದು ಸಂಜೆಯವರೆಗೆ ಹತ್ತಿರವೇ ಕುಳಿತಿದ್ದೆ. ಮುಚ್ಚಳವನ್ನು ಬೆರಳಿನಿಂದ ಸವರುತ್ತಿದ್ದ. ಅಷ್ಟೆ.

೬ ಫೆಬ್ರವರಿ, ಗುರುವಾರ

ಚಿಕಿತ್ಸೆಯ ಹುಡುಗಿ ಕೇಳಿದಳು: "ಒಂದು ಪದ ಅಂತಿದ್ರಲ್ಲ ಸರ್, ಅದನ್ನ ಈಗ ಅಂತಿಲ್ವಾ?"

"ಇಲ್ಲ."

"ಯಾಕೆ, ಏನಾಯ್ತು?"

ನಾನು ತಿದ್ದಿದೆ ಎಂದೆ. ಬರೆದುಕೊಂಡಳು. ತಲೆಯೆತ್ತಿದಾಗ ಮುಖದಲ್ಲಿ ಸಿಟ್ಟಿರಲಿಲ್ಲ. "ಮತ್ತೆ ಬರ್ಬೋದು ಸರ್. ಬರ್ದೇನೂ ಇರ್ಬೋದು" ಎಂದಳು. ಆ ವಾಕ್ಯದಲ್ಲಿ ತಿದ್ದುವಂಥದ್ದು ಯಾವುದೂ ನನಗೆ ಕಾಣಲಿಲ್ಲ.

೯ ಫೆಬ್ರವರಿ, ಭಾನುವಾರ
ಕೊಳ್ಳೇಗಾಲ, ರಾತ್ರಿ

ಬೆಳಿಗ್ಗೆ ಬಸವೇಶನ ಗಾಡಿಯಲ್ಲಿ ಆಚೆ ಹೊರಟೆವು. ಹನೂರು ದಾಟಿ ಲೊಕ್ಕನಹಳ್ಳಿಗೆ, ಬಸಮ್ಮನ ತವರಿನ ಹೊಲಕ್ಕೆ. ರಾಗಿ ಕೊಯ್ದ ಬಯಲು, ಅದರಾಚೆ ಕಾಡಿನ ಅಂಚು. ರೆಕ್ಕೆಗೆ ಬಸಮ್ಮನೇ ತೆಳುರೇಷ್ಮೆ ಹೊದಿಸಿದ್ದಾಳೆ, ಅರಿಸಿನ ಬಣ್ಣ. ಆಚ್ ತೆಗೆದು, ಬ್ಯಾಟರಿಯನ್ನು ಒಳಗೆ ಪಟ್ಟಿಯಿಂದ ಬಿಗಿದು, ಮುಚ್ಚಿದೆ. ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅಲುಗಲಿಲ್ಲ.

ಬದುವಿನ ಮೇಲೆ ಶಾಂತೂನ ಕುರ್ಚಿ. ಬಸವೇಶ ಮೋಟಾರು ಓಡಿಸಿ ಕೈಯಿಂದ ಎಸೆದ. ವಿಮಾನ ಒಮ್ಮೆ ತಗ್ಗಿ, ಕೂಳೆಯನ್ನು ಸವರಿ, ಎದ್ದಿತು. ಬಿಸಿಲಿಗೆ ರೆಕ್ಕೆಯ ಒಳಗಿನ ಎಲುಬುಗಳೆಲ್ಲ ಕಂಡವು. ಕಾಡಿನ ಮೇಲೆ ಹೋಗಿ, ತಿರುಗಿ ನಮ್ಮ ತಲೆಯ ಮೇಲೆಯೇ ಬಂತು. ಶಾಂತೂನ ಬಾಯಿ ತೆರೆದಿತ್ತು. ನಾನು ಆಕಾಶ ನೋಡುವುದನ್ನು ಬಿಟ್ಟು ಅವನ ತುಟಿಯನ್ನೇ ನೋಡುತ್ತ ನಿಂತೆ. ಏನು ಬಂದರೂ ಸರಿ, ಹೇಗೆ ಬಂದರೂ ಸರಿ.

ಏನೂ ಬರಲಿಲ್ಲ.

ಎರಡನೆಯ ಸುತ್ತಿನಲ್ಲಿ ಬಸವೇಶ ಅದನ್ನು ಬೆನ್ನಡಿಯಾಗಿ ಮಗುಚಿದ. ಹೊಟ್ಟೆಯಿಂದ ಚಿಕ್ಕದೇನೋ ಕಳಚಿಕೊಂಡು, ಎಲೆಯಂತೆ ಹೊರಳುತ್ತ, ಕೂಳೆಯ ನಡುವೆ ಬಿತ್ತು. ನಾನು ಎರಡೂ ಕೈಗಳನ್ನು ಮೇಲೆತ್ತಿ ಕೂಗಿದೆನಂತೆ. ಬಸಮ್ಮ ದಾರಿಯುದ್ದಕ್ಕೂ ನನ್ನನ್ನು ಅಣಕಿಸುತ್ತ ಬಂದಳು. ನಾನು ಅಂದದ್ದು ಇದಂತೆ: "ಅಯ್ಯೋ, ಆಚ್ ಓಯ್ತು ಕಣ್ಲಾ!"

ನನಗೆ ನೆನಪಿಲ್ಲ. ನೆನಪಿರುವುದು ಪಕ್ಕದಿಂದ ಬಂದ ಸದ್ದು. ಮೊದಲು ಕೆಮ್ಮೆಂದುಕೊಂಡೆ. ಶಾಂತೂ ನಗುತ್ತಿದ್ದ. ತಲೆ ಹಿಂದಕ್ಕೆ ಚೆಲ್ಲಿ, ಒಂದು ಕಡೆಯ ತುಟಿಯಿಂದ, ಕಣ್ಣೀರು ಬರುವಂತೆ: ಹ, ಹ, ಹ, ಹ. ಉಸಿರು ತುಂಬಿದ ಹಕಾರ. ಕಾಗದದ ಚೂರು ಹಿಡಿದಿದ್ದರೆ ಹಾರಿಯೇ ಹೋಗುತ್ತಿತ್ತು. ಮಗುವಾಗಿದ್ದಾಗಿನಿಂದ ಅವನು ನಕ್ಕದ್ದು ಹೀಗೆಯೇ ಇರಬೇಕು. ನಾನು ಕೇಳಿಸಿಕೊಂಡಿರಲಿಲ್ಲ.

ಬ್ಯಾಟರಿಯನ್ನು ಹಿಡಿದಿದ್ದ ಪಟ್ಟಿ ಬಿಗಿಯಾಗಿತ್ತು. ವಿಮಾನ ಕ್ಷೇಮವಾಗಿ ಇಳಿಯಿತು. ಮುಚ್ಚಳಕ್ಕಾಗಿ ಎಲ್ಲರೂ ಕೂಳೆಯಲ್ಲಿ ಬಾಗಿ ಬಾಗಿ ಹುಡುಕಿದೆವು. ಸಿಗಲಿಲ್ಲ. ಹೋಗುವಾಗಲೂ ಮರಳುವಾಗಲೂ ಅವನು ಒಂದು ಮಾತೂ ಆಡಲಿಲ್ಲ. ಇನ್ನು ಆಡಲಾರನೆಂದೇ ನನಗೆ ತೋರುತ್ತದೆ.

ಬಸಮ್ಮ ರಬ್ಬರ್ ಬ್ಯಾಂಡಿನ ಪೊಟ್ಟಣವನ್ನು ಮೇಜಿನ ಮೇಲೆ, ನನಗೆ ಕಾಣುವಂತೆ ಇಟ್ಟಿದ್ದಾಳೆ.

ನಾಳೆ ಹೊಸ ಆಚ್ ಕೊಯ್ಯಬೇಕು.